ಪ್ರವಾಸ ಪ್ರಶ್ನೋತ್ತರ: ಬಾರ್ಬಡೋಸಿಗೆ ಹೊರಡುವ ಮುನ್ನ

2024ರ ಜೂನ್ 29ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದ ದಿನದಿಂದ ಬಾರ್ಬಡೋಸ್ ಎಂಬ ಹೆಸರು ನಮ್ಮ ಮನೆಮಾತಾಗಿದೆ. ಕೆರಿಬಿಯನ್ ದ್ವೀಪಗಳ ಸಾಲಿನಿಂದ ತುಸು ಹೊರಗೆ, ಪೂರ್ವಕ್ಕೆ ಸರಿದು ನಿಂತಿರುವ ಈ ದೇಶದ ಉದ್ದ ಸುಮಾರು 34 ಕಿಲೋಮೀಟರ್, ಅಗಲ ಸುಮಾರು 23 ಕಿಲೋಮೀಟರ್. ಒಟ್ಟು ವಿಸ್ತೀರ್ಣ 431 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ಮಹಾನಗರಕ್ಕಿಂತಲೂ ಕಡಿಮೆ. ಅಲ್ಲಿಗೆ ಹೋಗಿಬರಬೇಕೆಂದಿರುವ ಓದುಗರ ಪತ್ರಗಳು ಸಾಕಷ್ಟು ಸೇರಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ದ್ವೀಪಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಇಬ್ಬರೂ ನಿವೃತ್ತರು. ಬಾರ್ಬಡೋಸಿಗೆ ಭಾರತೀಯರಿಗೆ ವೀಸಾ ಬೇಕಿಲ್ಲ ಎಂದು ಕೇಳಿದ್ದೇವೆ. ಹಾಗಾದರೆ ಪಾಸ್‌ಪೋರ್ಟ್ ಒಂದನ್ನೇ ಹಿಡಿದು ಹೊರಟುಬಿಡಬಹುದೇ? ನಮ್ಮ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. (ಶಿವಮೊಗ್ಗದ ಓದುಗರು)

ಉತ್ತರ: ನೀವು ಕೇಳಿದ್ದು ನಿಜ. ಭಾರತೀಯ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕೆಂದು 90 ದಿನಗಳವರೆಗೆ ವೀಸಾ ಇಲ್ಲದೆ ಬಾರ್ಬಡೋಸಿನಲ್ಲಿ ಇರಬಹುದು. ವಿಮಾನ ನಿಲ್ದಾಣದಲ್ಲಿ ಹಿಂದಿರುಗುವ ಟಿಕೆಟ್, ಉಳಿದುಕೊಳ್ಳುವ ಸ್ಥಳದ ವಿಳಾಸ ಮತ್ತು ಖರ್ಚಿಗೆ ಹಣವಿದೆ ಎಂಬುದಕ್ಕೆ ಆಧಾರ ಕೇಳುತ್ತಾರೆ. ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ವಲಸೆ ಮತ್ತು ಕಸ್ಟಮ್ಸ್ ಫಾರ್ಮನ್ನು ತುಂಬಿಟ್ಟುಕೊಂಡರೆ ಸರದಿಯಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ.

ಆದರೆ ನಮ್ಮವರು ಎಡವುವುದು ದ್ವೀಪದ ಬಾಗಿಲಲ್ಲಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಭಾರತದಿಂದ ಬಾರ್ಬಡೋಸಿಗೆ ನೇರ ವಿಮಾನವಿಲ್ಲ. ಸಾಮಾನ್ಯವಾಗಿ ಲಂಡನ್, ನ್ಯೂಯಾರ್ಕ್, ಮಯಾಮಿ ಅಥವಾ ಟೊರಾಂಟೊ ನಗರಗಳಲ್ಲಿ ವಿಮಾನ ಬದಲಿಸಬೇಕಾಗುತ್ತದೆ, ಮತ್ತು ಈ ಮೂರೂ ದೇಶಗಳು ಭಾರತೀಯರಿಂದ ಏನಾದರೊಂದು ಅನುಮತಿಯನ್ನು ಕೇಳುತ್ತವೆ. ಅಮೆರಿಕದಲ್ಲಿ ವಲಸೆ ತಪಾಸಣೆಯ ಹೊರಗೇ ಇದ್ದು ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ಎರಡು ಗಂಟೆ ಕಾಯುವುದಕ್ಕೂ ಪ್ರವಾಸಿ ವೀಸಾ ಅಥವಾ ಟ್ರಾನ್ಸಿಟ್ ವೀಸಾ ಇರಲೇಬೇಕು. ಬ್ರಿಟನ್ನಿನಲ್ಲಿ ವಿಮಾನ ನಿಲ್ದಾಣದ ಒಳಗೇ ಉಳಿದು ಮುಂದಿನ ವಿಮಾನ ಹತ್ತುವವರಿಗೂ ಭಾರತೀಯರಾದರೆ ಪ್ರತ್ಯೇಕ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ ಮುಂತಾದ ದೇಶಗಳ ವೀಸಾ ಇರುವವರಿಗೆ ಕೆಲವು ಷರತ್ತುಗಳ ಮೇಲೆ ವಿನಾಯಿತಿ ಇದೆ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಮುಂದಿನ ವಿಮಾನ ಹಿಡಿಯಬೇಕಾದ ಟಿಕೆಟ್‌ಗಳೂ ಮಾರಾಟಕ್ಕಿರುತ್ತವೆ. ಅಗ್ಗವೆಂದು ಅವನ್ನು ಕೊಂಡರೆ ನಡುವೆ ಗಡಿ ದಾಟಿ ಹೊರಬಂದು ಊರಿನ ಇನ್ನೊಂದು ಮೂಲೆಗೆ ಹೋಗಬೇಕಾಗುವುದರಿಂದ ವೀಸಾದ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಮೊದಲು ಮಾರ್ಗ, ಆಮೇಲೆ ಆ ಮಾರ್ಗದ ವೀಸಾ, ಕೊನೆಗೆ ಟಿಕೆಟ್ ಎಂಬ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ. ನಿಯಮಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ದಿನ ಆಯಾ ದೇಶದ ಅಧಿಕೃತ ಜಾಲತಾಣವನ್ನು ಮತ್ತೊಮ್ಮೆ ನೋಡಿ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ. ಮಗನ ಮನೆಗೆ ಹೋಗಲು ನೀವು ಹೇಗೂ ಅಮೆರಿಕದ ಪ್ರವಾಸಿ ವೀಸಾ ಪಡೆದಿರುತ್ತೀರಿ. ಅಲ್ಲಿ ತಂಗಿರುವಾಗಲೇ ನ್ಯೂಯಾರ್ಕಿನಿಂದ ಬ್ರಿಜ್‌ಟೌನಿಗೆ ಹೋಗಿಬಂದರೆ ಪ್ರಯಾಣ ಸುಮಾರು ಐದು ಗಂಟೆಯಷ್ಟೇ. ಈ ವಯಸ್ಸಿನಲ್ಲಿ ಬೆಂಗಳೂರಿನಿಂದ ಒಂದೇ ಉಸಿರಿಗೆ ಹೋಗುವುದಕ್ಕಿಂತ ಇದೇ ಮೇಲು. ಆದರೆ ಮಗನೂ ಜೊತೆಗೆ ಬರುವುದಾದರೆ ಅವರ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ವೀಸಾ ಮುದ್ರೆಯ ದಿನಾಂಕ ಮುಗಿದಿಲ್ಲವೇ ಎಂಬುದನ್ನು ಮೊದಲು ನೋಡಿ. ಮುದ್ರೆಯ ಅವಧಿ ಮುಗಿದವರು ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗಿನ ಪ್ರವಾಸ ಹೋಗಿ ಹಿಂದಿರುಗಲು ಇರುವ ರಿಯಾಯಿತಿ ಎಚ್-1ಬಿ ನೌಕರರಿಗೆ ಕೆರಿಬಿಯನ್ ದ್ವೀಪಗಳ ಮಟ್ಟಿಗೆ ಅನ್ವಯಿಸುವುದಿಲ್ಲ. ಹಾಗೆ ಹೊರಟವರು ಮತ್ತೆ ಅಮೆರಿಕ ಪ್ರವೇಶಿಸಲು ಹೊಸ ವೀಸಾ ಮುದ್ರೆ ಪಡೆಯುವವರೆಗೂ ಹೊರಗೇ ಉಳಿಯಬೇಕಾಗುತ್ತದೆ.

ಪ್ರಶ್ನೆ: ಮಕ್ಕಳಿಗೆ ಶಾಲೆಗೆ ರಜೆ ಇರುವಾಗ ಹೋಗಬೇಕೆಂದಿದ್ದೇವೆ. ದಸರಾ ರಜೆ ಒಳ್ಳೆಯದೋ, ಬೇಸಿಗೆ ರಜೆಯೋ? ಚಂಡಮಾರುತದ ಭಯವಿದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಸಿಗೆ ರಜೆ. ಇದರಲ್ಲಿ ಎರಡನೆಯ ಮಾತಿಲ್ಲ.

ಅಟ್ಲಾಂಟಿಕ್ ಸಾಗರದ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉತ್ಕಟ ಕಾಲ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ. ನಮ್ಮ ದಸರಾ ಬರುವುದು ಸರಿಯಾಗಿ ಅದರೊಳಗೆ. ಡಿಸೆಂಬರಿನಿಂದ ಮೇವರೆಗೆ ಅಲ್ಲಿ ಒಣಹವೆ. ಆದರೆ ಚಳಿಯಿಂದ ತಪ್ಪಿಸಿಕೊಳ್ಳಲು ಬರುವ ಬ್ರಿಟಿಷ್, ಕೆನಡಾ ಮತ್ತು ಅಮೆರಿಕದ ಪ್ರವಾಸಿಗರಿಂದ ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕೊಠಡಿಯ ಬಾಡಿಗೆ ಏರಿರುತ್ತದೆ. ಏಪ್ರಿಲ್ ಮಧ್ಯದ ಬಳಿಕ ಬಾಡಿಗೆ ಇಳಿಯುತ್ತದೆ, ಮಳೆ ಇನ್ನೂ ಶುರುವಾಗಿರುವುದಿಲ್ಲ. ಏಪ್ರಿಲ್ ಮೂರನೆಯ ವಾರದಿಂದ ಮೇ ಕೊನೆಯವರೆಗಿನ ಈ ಅವಧಿ ಕರ್ನಾಟಕದ ಬೇಸಿಗೆ ರಜೆಗೆ ಹೇಳಿ ಮಾಡಿಸಿದಂತೆ ಹೊಂದುತ್ತದೆ.

ಬಾರ್ಬಡೋಸ್ ಇತರ ದ್ವೀಪಗಳಿಗಿಂತ ಪೂರ್ವಕ್ಕಿರುವುದರಿಂದ ಅನೇಕ ಚಂಡಮಾರುತಗಳು ಬಲಿಯುವ ಮೊದಲೇ ಅದನ್ನು ದಾಟಿಹೋಗುತ್ತವೆ ಅಥವಾ ಅದರ ಉತ್ತರಕ್ಕೆ ಹೊರಳುತ್ತವೆ. 1955ರ ಜ್ಯಾನೆಟ್ ನಂತರ ಅಲ್ಲಿಗೆ ಮತ್ತೊಂದು ಹರಿಕೇನ್ (ಪೂರ್ಣ ಬಲ ತಲುಪಿದ ಚಂಡಮಾರುತ) ಅಪ್ಪಳಿಸಿದ್ದು 2021ರ ಜುಲೈನಲ್ಲಿ, ಎಲ್ಸಾ ಹೆಸರಿನಲ್ಲಿ. ಇದನ್ನು ಅಭಯವೆಂದು ತಿಳಿಯಬಾರದು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋದಾಗ ಭೂಮಿಗೆ ತಾಗದೆಯೇ ಮೀನುಗಾರರ ನೂರಾರು ದೋಣಿಗಳನ್ನು ಜಖಂಗೊಳಿಸಿತು. ವಿಶ್ವಕಪ್ ಗೆದ್ದ ನಮ್ಮ ತಂಡವೂ ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಹೋಟೆಲಿನಲ್ಲೇ ದಿನಗಳನ್ನು ಕಳೆದು, ವಿಶೇಷ ವಿಮಾನದಲ್ಲಿ ಜುಲೈ 4ರ ಬೆಳಿಗ್ಗೆ ದೆಹಲಿ ತಲುಪಿತು. ತಂಡಕ್ಕೆ ಕ್ರಿಕೆಟ್ ಮಂಡಳಿ ವಿಮಾನ ಕಳಿಸಿತು, ನಮಗೆ ನಿಮಗೆ ಯಾರೂ ಕಳಿಸುವುದಿಲ್ಲ. ಜೂನ್ ನಂತರವೇ ಹೋಗಬೇಕಾಗಿ ಬಂದರೆ ಹವಾಮಾನದಿಂದ ಪ್ರಯಾಣ ರದ್ದಾದಾಗಲೂ ಪರಿಹಾರ ಕೊಡುವ ವಿಮೆಯನ್ನು ಪಾಲಿಸಿಯ ಷರತ್ತುಗಳನ್ನು ಓದಿಯೇ ಕೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ.

ಮತ್ತೊಂದು ಸಂಗತಿ ತಿಳಿದರೆ ಮಕ್ಕಳಿಗೆ ಸಂತೋಷವಾದೀತು. ಬ್ರಿಜ್‌ಟೌನ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಮಂಗಳೂರು, ಬೆಂಗಳೂರುಗಳೂ ಹೆಚ್ಚುಕಡಿಮೆ ಅದೇ ರೇಖೆಯ ಮೇಲಿವೆ. ಆದ್ದರಿಂದ ಹಗಲಿನ ಉದ್ದ, ಸೂರ್ಯ ನೆತ್ತಿಗೆ ಬರುವ ಬಗೆ ಎಲ್ಲವೂ ನಮ್ಮಂತೆಯೇ. ವ್ಯತ್ಯಾಸ ಗಡಿಯಾರದ್ದು ಮಾತ್ರ: ಅಲ್ಲಿ ನಡು ಮಧ್ಯಾಹ್ನ ಹನ್ನೆರಡು ಹೊಡೆದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಕುಟುಂಬ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೀನೇ ಮುಖ್ಯ ಆಹಾರವಾದ ದ್ವೀಪದಲ್ಲಿ ಹತ್ತು ದಿನ ಏನು ತಿನ್ನುವುದು? (ಉಡುಪಿಯ ಓದುಗರು)

ಉತ್ತರ: ನೀವು ಉಡುಪಿಯವರಾದ್ದರಿಂದ ಈ ಉತ್ತರ ಬರೆಯುವುದು ಸುಲಭ, ಏಕೆಂದರೆ ಅಲ್ಲಿನ ಮಾರುಕಟ್ಟೆಯಲ್ಲಿ ನಿಮಗೆ ಮೊದಲು ಕಾಣುವುದು ಜೀಗುಜ್ಜೆ. ಅಲ್ಲಿನವರು ಬ್ರೆಡ್‌ಫ್ರೂಟ್ ಎಂದು ಕರೆಯುವ ಅದನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟು, ಬೇಯಿಸಿ, ಹುರಿದು, ಉಪ್ಪಿನಕಾಯಿಯಂತೆ ಹುಳಿಯಲ್ಲಿ ನೆನೆಸಿ ತಿನ್ನುತ್ತಾರೆ. 18ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ತಹೀತಿಯಿಂದ ಈ ಗಿಡಗಳನ್ನು ಹಡಗಿನಲ್ಲಿ ಕೆರಿಬಿಯನ್‌ಗೆ ತಂದದ್ದು ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಊಟ ಒದಗಿಸಲು. ಈಗ ಅದು ಎಲ್ಲರ ಅಡುಗೆಮನೆಯ ಪದಾರ್ಥ. ಅದರ ಜೊತೆಗೆ ಗೆಣಸು, ಬೆಂಡೆಕಾಯಿ, ಕುಂಬಳ, ಬಾಳೆಕಾಯಿ, ಸೀಮೆಬದನೆ, ಹುಣಸೆ, ತೆಂಗು ಎಲ್ಲವೂ ಸಿಗುತ್ತವೆ.

ಅಲ್ಲಿನ ರಾಷ್ಟ್ರೀಯ ಖಾದ್ಯ ಕೂಕೂ ಮತ್ತು ಹಾರುಮೀನು. ಮೀನನ್ನು ಬದಿಗಿಟ್ಟರೆ ಕೂಕೂ ಎಂಬುದು ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ಮರದ ಚಪ್ಪಟೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ ಮಾಡುವ ಮುದ್ದೆ. ಆ ಕೋಲಿಗೆ ಕೂಕೂ ಕೋಲೆಂದೇ ಹೆಸರು. ನಮ್ಮಲ್ಲಿ ರಾಗಿ ಮುದ್ದೆಗೆ ಹೇಗೋ ಹಾಗೆ ಅದಕ್ಕೂ ಬಿಸಿಯಾದ ಸಾರೊಂದು ಬೇಕು. ಆ ಸಾರು ಮೀನಿನದೇ ಆಗಿರುವುದು ವಾಡಿಕೆಯಾದ್ದರಿಂದ, ಬಡಿಸುವ ಮೊದಲೇ ‘ಗ್ರೇವಿ ಬೇಡ, ತರಕಾರಿ ಮಾತ್ರ’ ಎಂದು ಹೇಳಿಬಿಡಿ.

ಇಲ್ಲಿ ಎಚ್ಚರ ಹೇಳಬೇಕಾದ ಮಾತುಗಳಿವೆ. ‘ರೈಸ್ ಆ್ಯಂಡ್ ಪೀಸ್’ ಎಂಬ ಅನ್ನದಲ್ಲಿರುವುದು ಬಟಾಣಿಯಲ್ಲ, ಹೆಚ್ಚಾಗಿ ನಮ್ಮ ತೊಗರಿಕಾಳು. ಹೆಸರು ಕೇಳಿ ನೆಮ್ಮದಿಯಿಂದ ತಟ್ಟೆ ಹಿಡಿಯಬೇಡಿ, ರುಚಿಗಾಗಿ ಅದಕ್ಕೆ ಉಪ್ಪು ಹಚ್ಚಿದ ಹಂದಿಮಾಂಸದ ತುಂಡು ಹಾಕಿ ಬೇಯಿಸುವ ರೂಢಿಯಿದೆ. ಚೀಸ್ ಹಾಕಿ ಮಾಡುವ ಮ್ಯಾಕರೋನಿ ಪೈಯಲ್ಲಿ ಕೆಲವರು ಮೊಟ್ಟೆ ಸೇರಿಸುತ್ತಾರೆ. ಕೇಳಿದರೆ ಯಾರೂ ಬೇಸರಪಡುವುದಿಲ್ಲ, ಆದರೆ ‘ವೆಜಿಟೇರಿಯನ್’ ಎಂಬ ಒಂದೇ ಪದಕ್ಕೆ ನಿಲ್ಲದೆ ಮೀನು, ಕೋಳಿ, ಮೊಟ್ಟೆ, ಮಾಂಸದ ರಸ ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ರಾಸ್ತಫಾರಿ ಪಂಥದವರು ನಡೆಸುವ ‘ಐಟಲ್’ ಊಟದ ಅಂಗಡಿಗಳು ನಿಮಗೆ ಹೆಚ್ಚು ನಂಬಿಕೆಯ ಜಾಗ. ಮಾಂಸ ತ್ಯಜಿಸುವುದು ಅವರಿಗೆ ಧರ್ಮದ ಮಾತು. ಟ್ರಿನಿಡಾಡಿನಿಂದ ಹರಡಿದ ರೊಟ್ಟಿಯ ಅಂಗಡಿಗಳಲ್ಲಿ ಕಡಲೆಕಾಳು ಮತ್ತು ಆಲೂಗಡ್ಡೆಯ ಪಲ್ಯವನ್ನು ದೊಡ್ಡ ರೊಟ್ಟಿಯಲ್ಲಿ ಸುತ್ತಿಕೊಡುತ್ತಾರೆ. ಹಳದಿ ಬಣ್ಣದ ಮೆಣಸಿನ ಸಾಸನ್ನು ಮೊದಲ ಸಲ ಬೆರಳ ತುದಿಯಷ್ಟೇ ಹಾಕಿಕೊಳ್ಳಿ. ಅದರ ಖಾರ ಬ್ಯಾಡಗಿಯದಲ್ಲ. ನವೆಂಬರಿನಲ್ಲಿ ಹೋದರೆ ಕಾಂಕಿ ಸಿಗುತ್ತದೆ: ಮೆಕ್ಕೆಜೋಳದ ಹಿಟ್ಟು, ತೆಂಗಿನತುರಿ, ಕುಂಬಳ, ಸಕ್ಕರೆ ಕಲಸಿ ಬಾಳೆಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ್ದು. ಕೈಗೆ ತೆಗೆದುಕೊಂಡಾಗ ಪತೋಳಿಯ ನೆನಪಾಗದೆ ಇರದು.

ಇಷ್ಟೆಲ್ಲ ಇದ್ದರೂ ಹತ್ತು ದಿನಗಳ ಮಟ್ಟಿಗೆ ನನ್ನ ಸಲಹೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುವುದು. ಬಹುಪಾಲು ಆಹಾರ ಪದಾರ್ಥ ಹೊರದೇಶದಿಂದ ಬರುವ ದ್ವೀಪದಲ್ಲಿ ಹೋಟೆಲ್ ಊಟ ದುಬಾರಿ. ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ಕಾಳುಗಳು ಸಿಗುತ್ತವೆ. ಸಾರಿನ ಪುಡಿಯನ್ನು ಮುಚ್ಚಿದ ಪೊಟ್ಟಣದಲ್ಲಿ ಒಯ್ದು ಕಸ್ಟಮ್ಸ್ ಫಾರ್ಮಿನಲ್ಲಿ ನಮೂದಿಸಿ. ತಾಜಾ ಹಣ್ಣು, ತರಕಾರಿ, ಬೀಜ, ಸಸಿಗಳನ್ನು ಖಂಡಿತ ಒಯ್ಯಬೇಡಿ. ಮನೆಯ ವಿದ್ಯುತ್ ರೈಸ್ ಕುಕ್ಕರನ್ನೂ ಇಲ್ಲೇ ಬಿಡಿ. ಅಲ್ಲಿನ ವಿದ್ಯುತ್ 115 ವೋಲ್ಟ್, ಪ್ಲಗ್ಗು ಅಮೆರಿಕದ ಮಾದರಿಯ ಚಪ್ಪಟೆ ಕಡ್ಡಿಗಳದ್ದು; 230 ವೋಲ್ಟಿನ ನಮ್ಮ ಕುಕ್ಕರಿನಲ್ಲಿ ಅಕ್ಕಿ ಬೇಯುವಷ್ಟು ಶಾಖವೇ ಹುಟ್ಟದು. ಮೊಬೈಲ್ ಚಾರ್ಜರ್‌ಗಳಿಗೆ ಅಡಾಪ್ಟರ್ ಒಂದಿದ್ದರೆ ಸಾಕು. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಮಳೆನೀರು ಹವಳದ ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿಕೊಂಡು ಕೆಳಗಿಳಿದು ಅಂತರ್ಜಲವಾಗುವ ನೆಲ ಅದು.

ಪ್ರಶ್ನೆ: ಕೆನ್ಸಿಂಗ್ಟನ್ ಓವಲ್ ನೋಡಲೆಂದೇ ಹೋಗಬೇಕೆಂಬ ಆಸೆ ನನಗೂ ನನ್ನ ತಂದೆಯವರಿಗೂ ಇದೆ. ಪಂದ್ಯವಿಲ್ಲದಾಗ ಹೋದರೆ ನೋಡಲು ಏನಾದರೂ ಇದೆಯೇ? (ದಾವಣಗೆರೆಯ ಓದುಗರು)

ಉತ್ತರ: ಇದೆ, ಮತ್ತು ತಂದೆಯವರನ್ನು ಕರೆದುಕೊಂಡು ಹೋಗುವುದು ಬಹಳ ಒಳ್ಳೆಯ ಯೋಚನೆ. ಮೈದಾನ ಬ್ರಿಜ್‌ಟೌನಿನ ಪೇಟೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಹೊರಗೆ ವೆಸ್ಟ್ ಇಂಡೀಸಿನ ಹೆಸರಾಂತ ಆಲ್‌ರೌಂಡರ್ ಸರ್ ಗಾರ್ಫೀಲ್ಡ್ ಸೋಬರ್ಸ್ ಅವರ ಪ್ರತಿಮೆಯಿದೆ; 1936ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು ಅವರು. ಮೈದಾನದ ಎರಡು ತುದಿಗಳಿಗೆ ದ್ವೀಪದ ವೇಗದ ಬೌಲರ್‌ಗಳಾದ ಮಾಲ್ಕಂ ಮಾರ್ಷಲ್ ಮತ್ತು ಜೋಯೆಲ್ ಗಾರ್ನರ್ ಅವರ ಹೆಸರು. ಸಮೀಪದ ಫಾಂಟಬೆಲ್‌ನಲ್ಲಿ ದ್ವೀಪದ ಕ್ರಿಕೆಟಿಗರಿಗೆ ಮೀಸಲಾದ ವಸ್ತುಸಂಗ್ರಹಾಲಯವಿದೆ. ಪಂದ್ಯವಿಲ್ಲದ ದಿನ ಮೈದಾನದ ಒಳಗೆ ಬಿಡುವುದು ಆಡಳಿತದವರ ಅನುಕೂಲಕ್ಕೆ ಬಿಟ್ಟದ್ದಾದ್ದರಿಂದ ಮುಂಚಿತವಾಗಿ ಪತ್ರ ಬರೆದು ಒಪ್ಪಿಗೆ ಪಡೆಯಿರಿ.

ನಮ್ಮವರ ಪಾಲಿಗೆ ಈ ಮೈದಾನದ ನೆನಪುಗಳು ಸಿಹಿಯಷ್ಟೇ ಅಲ್ಲ. 1962ರಲ್ಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್ ಅವರ ಚೆಂಡು ಬಡಿದು ಪ್ರಾಣಾಪಾಯ ಒದಗಿದ್ದು ಇಲ್ಲಿ. ಆಗ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ವೊರೆಲ್ ಸ್ವತಃ ಬಾರ್ಬಡೋಸಿನವರು. ಎವರ್ಟನ್ ವೀಕ್ಸ್ ಮತ್ತು ಕ್ಲೈಡ್ ವಾಲ್ಕಾಟ್ ಅವರೊಡನೆ, ಮನೆತನದ ಹೆಸರಿನ ಇಂಗ್ಲಿಷ್ ಮೊದಲಕ್ಷರದಿಂದ ‘ಮೂರು ಡಬ್ಲ್ಯೂ’ ಎಂದು ಹೆಸರಾದವರಲ್ಲಿ ಒಬ್ಬರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕೇವ್ ಹಿಲ್ ಆವರಣದಲ್ಲಿ ಈ ಮೂವರ ಹೆಸರಿನ ಮೈದಾನವಿದ್ದು, ಅದರ ಪಕ್ಕದಲ್ಲೇ ಅವರ ಸಮಾಧಿಗಳಿವೆ. ಓವಲ್ ನೋಡಿದ ದಿನವೇ ಅಲ್ಲಿಗೂ ಹೋಗಿ ಒಂದು ಗಳಿಗೆ ನಿಂತು ಬನ್ನಿ ಎಂದು ನಾನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಕರ್ನಾಟಕದವರಿಗೆ ಇನ್ನೊಂದು ಎಳೆಯೂ ಇದೆ. 1997ರಲ್ಲಿ ಇದೇ ಓವಲ್‌ನಲ್ಲಿ ಗೆಲುವಿಗೆ 120 ಓಟಗಳಷ್ಟೇ ಬೇಕಿದ್ದಾಗ ಭಾರತ 81ಕ್ಕೆ ಕುಸಿಯಿತು. ಆ ತಂಡದಲ್ಲಿ ಯುವಕ ರಾಹುಲ್ ದ್ರಾವಿಡ್ ಇದ್ದರು. 2007ರ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡ ಟ್ರಿನಿಡಾಡಿನಲ್ಲೇ ಸೋತು ಮನೆಗೆ ಮರಳಿತು. ಬ್ರಿಜ್‌ಟೌನಿನ ಫೈನಲ್ ತನಕ ತಲುಪಲೇ ಇಲ್ಲ. ಹದಿನೇಳು ವರ್ಷಗಳ ಬಳಿಕ, ತರಬೇತುದಾರರಾಗಿ ಅವರ ಕೊನೆಯ ಪಂದ್ಯದಲ್ಲಿ, ಭಾರತ ದಕ್ಷಿಣ ಆಫ್ರಿಕವನ್ನು ಏಳು ಓಟಗಳಿಂದ ಸೋಲಿಸಿದ್ದು ಈ ಅಂಗಳದಲ್ಲೇ. ನಿಮ್ಮ ತಂದೆಯವರಿಗೆ ಈ ಮೂರೂ ವರ್ಷಗಳು ನೆನಪಿರಬಹುದು. ಪ್ರೇಕ್ಷಕರ ಅಂಗಣದಲ್ಲಿ ಕುಳಿತು ಅವರ ಬಾಯಿಂದಲೇ ಕೇಳಿ.

ಪ್ರಶ್ನೆ: ಓಡಾಟಕ್ಕೆ ಕಾರು ಬಾಡಿಗೆ ಪಡೆಯುವುದು ಮೇಲೋ, ಬಸ್ಸು ಸಾಕೋ? ಹಣವನ್ನು ಯಾವ ರೂಪದಲ್ಲಿ ಒಯ್ಯಬೇಕು? (ಬೆಂಗಳೂರಿನ ಓದುಗರು)

ಉತ್ತರ: ಪಶ್ಚಿಮ ಮತ್ತು ದಕ್ಷಿಣ ಕರಾವಳಿಯಲ್ಲಿ ತಂಗಿದ್ದರೆ ಬಸ್ಸು ಧಾರಾಳ ಸಾಕು. ಮೂರು ಬಗೆಯ ವಾಹನಗಳಿವೆ. ಸರ್ಕಾರಿ ಬಸ್ಸು ನೀಲಿ ಬಣ್ಣಕ್ಕೆ ಹಳದಿ ಪಟ್ಟಿ. ಖಾಸಗಿ ಮಿನಿಬಸ್ಸು ಹಳದಿಗೆ ನೀಲಿ ಪಟ್ಟಿ. ಇನ್ನು ಬಿಳಿಗೆ ಕೆಂಗಂದು ಪಟ್ಟಿಯ ಸಣ್ಣ ವ್ಯಾನುಗಳನ್ನು ನಂಬರ್ ಪ್ಲೇಟಿನ ಅಕ್ಷರಗಳಿಂದ ‘ಜೆಡ್‌ಆರ್’ ಎಂದೇ ಕರೆಯುತ್ತಾರೆ. 2019ರಲ್ಲಿ ನಿಗದಿಯಾದಂತೆ ದೂರ ಎಷ್ಟೇ ಇರಲಿ ಒಂದು ಪ್ರಯಾಣಕ್ಕೆ ಮೂರೂವರೆ ಬಾರ್ಬಡೋಸ್ ಡಾಲರ್. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ಹಿಂದಿರುಗಿಸುವುದಿಲ್ಲ, ಸರಿಯಾದ ಹಣವನ್ನು ಕೈಯಲ್ಲಿ ಹಿಡಿದಿರಬೇಕು. ನಿಲ್ದಾಣದ ಫಲಕಗಳ ಮೇಲೆ ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಎಂದು ಬರೆದಿರುತ್ತದೆ. ಸಿಟಿ ಎಂದರೆ ಬ್ರಿಜ್‌ಟೌನ್. ಬಸ್ಸು ಬಂದಾಗ ಕೈ ತೋರಿಸದಿದ್ದರೆ ನಿಲ್ಲಿಸುವುದಿಲ್ಲ. ಹತ್ತುವಾಗ ‘ಗುಡ್ ಮಾರ್ನಿಂಗ್’ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಅಲ್ಲಿನ ಮರ್ಯಾದೆ. ಅಂಗಡಿಗೆ ಹೊಕ್ಕಾಗಲೂ ಅಷ್ಟೇ: ಮೊದಲು ನಮಸ್ಕಾರ, ಆಮೇಲೆ ಬೆಲೆ ಕೇಳುವುದು. ಇದನ್ನು ಮರೆತವರನ್ನು ಅಲ್ಲಿನವರು ಒರಟರೆಂದು ಎಣಿಸುತ್ತಾರೆ, ಅದು ನ್ಯಾಯವೂ ಹೌದು.

ಉತ್ತರದ ಬಂಡೆಗಳು, ಪೂರ್ವದ ಬಾತ್‌ಶೀಬಾ ಕಡಲತೀರ, ನಡುನಾಡಿನ ಹ್ಯಾರಿಸನ್ ಗುಹೆ ಇವನ್ನು ನೋಡಲು ಎರಡು ಮೂರು ದಿನದ ಮಟ್ಟಿಗೆ ಕಾರು ಅನುಕೂಲ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲಿ ಓಡುತ್ತವೆ. ನಿಮ್ಮ ಚಾಲನಾ ಪರವಾನಗಿ ತೋರಿಸಿದರೆ ಸಣ್ಣ ಶುಲ್ಕಕ್ಕೆ ತಾತ್ಕಾಲಿಕ ಅನುಮತಿಯನ್ನು ಕಾರು ಕೊಡುವವರೇ ಮಾಡಿಸಿಕೊಡುತ್ತಾರೆ. ಒಳನಾಡಿನ ರಸ್ತೆಗಳು ಕಿರಿದು, ಕಬ್ಬು ಎತ್ತರಕ್ಕೆ ಬೆಳೆದಾಗ ತಿರುವುಗಳಲ್ಲಿ ಎದುರಿನ ವಾಹನ ಕಾಣುವುದಿಲ್ಲ. ಕತ್ತಲಾದ ಮೇಲೆ ಆ ಕಡೆ ಓಡಿಸಬೇಡಿ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲದ ಕಾರಣ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ, ಹೇಳಿದ ಮೊತ್ತ ಯಾವ ಡಾಲರಿನದು ಎಂಬುದನ್ನೂ ಕೇಳಿ.

ಹಾಗೆ ಕೇಳಬೇಕಾದ ಕಾರಣ ಇದು: ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕ ಡಾಲರ್ ಎಂಬ ದರ 1975ರಿಂದ ಬದಲಾಗಿಲ್ಲ, ಮತ್ತು ಅಮೆರಿಕದ ನೋಟುಗಳನ್ನು ಎಲ್ಲೆಡೆ ತೆಗೆದುಕೊಳ್ಳುತ್ತಾರೆ. ‘ಮೂವತ್ತು ಡಾಲರ್’ ಎಂಬ ಮಾತಿಗೆ ಎರಡು ಅರ್ಥ ಸಾಧ್ಯ, ಒಂದು ಇನ್ನೊಂದರ ಇಮ್ಮಡಿ. ಸ್ವಲ್ಪ ಅಮೆರಿಕ ಡಾಲರ್ ನೋಟುಗಳನ್ನು ಇಲ್ಲಿಂದಲೇ ಒಯ್ದು, ಉಳಿದದ್ದಕ್ಕೆ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಬಳಸಿ. ರೂಪಾಯಿ ಅಲ್ಲಿ ಯಾರಿಗೂ ಬೇಡ. ಹೋಟೆಲ್ ಬಿಲ್ಲಿನಲ್ಲಿ ತೆರಿಗೆಯ ಜೊತೆಗೆ ಶೇಕಡ 10ರಷ್ಟು ಸೇವಾ ಶುಲ್ಕ ಸೇರಿದ್ದರೆ ಬೇರೆ ಟಿಪ್ಸ್ ಕೊಡುವ ಕಟ್ಟುಪಾಡಿಲ್ಲ.

ಪ್ರಶ್ನೆ: ನನಗೆ ಈಜು ಬಾರದು, ಮಕ್ಕಳಿಗೆ ಅಷ್ಟಿಷ್ಟು ಬರುತ್ತದೆ. ಯಾವ ಕಡಲತೀರ ಸುರಕ್ಷಿತ? ಬಟ್ಟೆಯ ವಿಷಯದಲ್ಲಿ ಏನಾದರೂ ನಿಯಮವಿದೆಯೇ? (ಮೈಸೂರಿನ ಓದುಗರು)

ಉತ್ತರ: ದ್ವೀಪದ ಪಶ್ಚಿಮಕ್ಕೆ ಕೆರಿಬಿಯನ್ ಸಮುದ್ರ, ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಎರಡು ಬದಿಯ ನೀರಿಗೂ ಸ್ವಭಾವವೇ ಬೇರೆ. ಪಶ್ಚಿಮದ ಪೇನ್ಸ್ ಬೇ, ಮಲ್ಲಿನ್ಸ್ ತೀರಗಳೂ ಬ್ರಿಜ್‌ಟೌನಿಗೆ ಅಂಟಿಕೊಂಡ ಕಾರ್ಲೈಲ್ ಕೊಲ್ಲಿಯೂ ಸಾಮಾನ್ಯವಾಗಿ ಶಾಂತ. ನಿಮ್ಮ ಕುಟುಂಬಕ್ಕೆ ಕಾರ್ಲೈಲ್ ಕೊಲ್ಲಿಯೇ ಸರಿ. ದೋಣಿಯಲ್ಲಿ ಕರೆದೊಯ್ದು ಕಡಲಾಮೆಗಳನ್ನೂ ಮುಳುಗಿದ ಹಡಗುಗಳನ್ನೂ ತೋರಿಸುವವರಿದ್ದಾರೆ, ಲೈಫ್ ಜಾಕೆಟ್ ತೊಡದೆ ಮಾತ್ರ ಇಳಿಯಬೇಡಿ. ಪೂರ್ವದ ಬಾತ್‌ಶೀಬಾ ಕಣ್ಣಿಗೆ ಅದ್ಭುತ: ಅಲೆಗಳು ಬುಡವನ್ನು ಕೊರೆದು ಅಣಬೆಯಂತೆ ನಿಲ್ಲಿಸಿರುವ ಬಂಡೆಗಳು, ಮುರಿದು ಬೀಳುವ ನೊರೆ, ನಿಲ್ಲದ ಗಾಳಿ. ಅಲ್ಲಿ ಸೊಂಟದಷ್ಟು ನೀರಿಗೂ ಇಳಿಯಬಾರದು; ಅಡಿಸೆಳೆತ ಬಲವಾಗಿದ್ದು ಪಳಗಿದ ಅಲೆಸವಾರರಿಗಷ್ಟೇ ತಕ್ಕ ಜಾಗ. ಮುಖ್ಯ ತೀರಗಳಲ್ಲಿ ಜೀವರಕ್ಷಕರು ಬಾವುಟ ಹಾರಿಸಿರುತ್ತಾರೆ. ಕೆಂಪು ಬಾವುಟ ಕಂಡರೆ ಆ ದಿನ ಮರಳಿನಲ್ಲಿ ಕುಳಿತು ತೃಪ್ತಿಪಡಬೇಕು. ವಸಂತ, ಬೇಸಿಗೆ ತಿಂಗಳುಗಳಲ್ಲಿ ಸಾರ್ಗಾಸಮ್ ಎಂಬ ಕಂದು ಪಾಚಿ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ರಾಶಿಯಾಗಿ ಬಂದು ಬೀಳುವುದುಂಟು. ಆಗಲೂ ಪಶ್ಚಿಮವೇ ಒಳ್ಳೆಯದು. ಎಲ್ಲ ಕಡಲತೀರಗಳೂ ಸಾರ್ವಜನಿಕ. ದೊಡ್ಡ ಹೋಟೆಲಿನ ಮುಂದಿನ ಮರಳಿನ ಮೇಲೆ ನಡೆಯುವ ಹಕ್ಕು ಎಲ್ಲರಿಗೂ ಇದೆ.

ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕಾದದ್ದು ಮ್ಯಾಂಚಿನೀಲ್ ಮರದ ಗುರುತು. ತೀರದಲ್ಲಿ ತಂಪಾದ ನೆರಳು ಕೊಡುವ ಈ ಮರದ ಹಸಿರು ಹಣ್ಣು ಪುಟ್ಟ ಸೇಬಿನಂತೆ ಕಾಣುತ್ತದೆ, ಆದರೆ ಹಣ್ಣು, ಎಲೆ, ಹಾಲು ಎಲ್ಲವೂ ವಿಷ. ಮಳೆ ಬಂದಾಗ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕಿದ ನೀರೇ ಮೈಮೇಲೆ ಬೊಬ್ಬೆ ಎಬ್ಬಿಸುತ್ತದೆ. ಜನ ಓಡಾಡುವ ಕಡೆ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿರುತ್ತಾರೆ ಅಥವಾ ಫಲಕ ಹಾಕಿರುತ್ತಾರೆ.

ಬಟ್ಟೆಯ ಬಗ್ಗೆ ಕಟ್ಟುನಿಟ್ಟಾದ ಕಾನೂನು ಒಂದಿದೆ. ಸೈನಿಕರ ಸಮವಸ್ತ್ರದ ಹಸಿರು ಕಂದು ಮಚ್ಚೆಗಳ ವಿನ್ಯಾಸದ ಬಟ್ಟೆಯನ್ನು ನಾಗರಿಕರು ಧರಿಸುವುದು ಅಲ್ಲಿ ಅಪರಾಧ. ಪುಟ್ಟ ಮಗುವಿನ ಚಡ್ಡಿ, ಟೋಪಿ, ಚೀಲವೂ ಇದಕ್ಕೆ ಹೊರತಲ್ಲ. ನಮ್ಮ ಅಂಗಡಿಗಳಲ್ಲಿ ಅಂಥ ಬಟ್ಟೆ ಬಹಳ ಸಾಮಾನ್ಯವಾದ್ದರಿಂದ ಪೆಟ್ಟಿಗೆ ಕಟ್ಟುವಾಗಲೇ ಹುಡುಕಿ ತೆಗೆದಿಡಿ. ಈಜುಡುಗೆ ತೀರಕ್ಕೆ ಮಾತ್ರ, ಪೇಟೆಗೂ ಬಸ್ಸಿಗೂ ಅಲ್ಲ.

ಪ್ರಶ್ನೆ: ಸಮುದ್ರವನ್ನು ಬಿಟ್ಟು ನೋಡುವುದಕ್ಕೆ ಏನಿದೆ? (ಧಾರವಾಡದ ಓದುಗರು)

ಉತ್ತರ: ಗುಹೆ, ತೋಟಗಳ ವಿವರ ಎಲ್ಲ ಕೈಪಿಡಿಗಳಲ್ಲಿ ಸಿಗುತ್ತದೆ, ಆದ್ದರಿಂದ ಅವು ಬಿಟ್ಟುಬಿಡುವ ಸ್ಥಳವೊಂದನ್ನು ಹೇಳುತ್ತೇನೆ. ಬ್ರಿಜ್‌ಟೌನಿನ ಹಳೆಯ ಪೇಟೆ ಮತ್ತು ಬ್ರಿಟಿಷ್ ಸೇನೆಯ ಹಳೆಯ ನೆಲೆಯಾದ ಗ್ಯಾರಿಸನ್ 2011ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆ ಸುಂದರ ಕಟ್ಟಡಗಳ ಸಂಪತ್ತು ಬಂದದ್ದು ಸಕ್ಕರೆಯಿಂದ. ಸಕ್ಕರೆ ಬಂದದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ. ಕ್ರೈಸ್ಟ್ ಚರ್ಚ್ ಪ್ರಾಂತ್ಯದಲ್ಲಿ ನ್ಯೂಟನ್ ಎಂಬ ಹಳೆಯ ಕಬ್ಬಿನ ತೋಟದ ಅಂಚಿನಲ್ಲಿ ಆ ಗುಲಾಮರನ್ನು ಹೂಳಿದ ನೆಲವಿದೆ. ಹೆಸರು ಕೆತ್ತಿದ ಒಂದು ಕಲ್ಲೂ ಅವರಿಗಿಲ್ಲ. ಹುಲ್ಲು ಬೆಳೆದ ಇಳಿಜಾರು ಮಾತ್ರ. ಇದನ್ನು ನೋಡಿದ ಮೇಲೆ ಪೇಟೆಯನ್ನು ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. 1816ರಲ್ಲಿ ಬಸ್ಸಾ ಎಂಬ ಗುಲಾಮನ ಮುಂದಾಳತ್ವದಲ್ಲಿ ನಡೆದ ದಂಗೆಯನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಹೆದ್ದಾರಿಯ ವೃತ್ತವೊಂದರಲ್ಲಿ ಸರಪಳಿ ಹರಿದು ನಿಂತ ಮನುಷ್ಯನ ಪ್ರತಿಮೆಗೆ ಜನ ಕೊಟ್ಟಿರುವುದು ಅವನದೇ ಹೆಸರು. 1966ರ ನವೆಂಬರ್ 30ರಂದು ಸ್ವತಂತ್ರವಾದ ದೇಶ 2021ರ ಅದೇ ದಿನ ಬ್ರಿಟನ್ನಿನ ರಾಣಿಯನ್ನು ಮುಖ್ಯಸ್ಥೆಯ ಸ್ಥಾನದಿಂದ ಬಿಡಿಸಿ ಗಣರಾಜ್ಯವಾಯಿತು.

ಪ್ರಶ್ನೆ: ಬಾರ್ಬಡೋಸಿನಿಂದ ಟ್ರಿನಿಡಾಡಿಗೂ ಹೋಗಿ ಅಲ್ಲಿನ ಭಾರತೀಯ ಮೂಲದವರ ಊರುಗಳನ್ನು ನೋಡಿ ಹಿಂದಿರುಗುವ ಯೋಜನೆಯಿದೆ. ಲಸಿಕೆ ಬೇಕೇ? ನನಗೆ 66 ವರ್ಷ. (ರಾಯಚೂರಿನ ಓದುಗರು)

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇದು ತಿಳಿಯದೆ ತೊಂದರೆಗೆ ಸಿಲುಕುವವರಿದ್ದಾರೆ. ಬಾರ್ಬಡೋಸಿಗೆ ಮಾತ್ರ ಹೋಗಿಬರುವ ಭಾರತೀಯರಿಗೆ ಹಳದಿ ಜ್ವರದ ಲಸಿಕೆ ಬೇಕಿಲ್ಲ. ಆದರೆ ಟ್ರಿನಿಡಾಡ್, ಗಯಾನಾ, ಸುರಿನಾಮ್‌ಗಳು ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಲಸಿಕೆಯನ್ನು ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲೇ ಪಡೆಯಬೇಕು. ಬೆಂಗಳೂರಿನಲ್ಲಿ ಈ ಸೌಲಭ್ಯವಿದೆ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಅರವತ್ತು ದಾಟಿದವರಲ್ಲಿ ಈ ಲಸಿಕೆಯ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚಾದ್ದರಿಂದ ನೀವು ಮೊದಲು ನಿಮ್ಮ ವೈದ್ಯರೊಡನೆ ಮಾತಾಡಲೇಬೇಕು. ಅವರು ಬೇಡವೆಂದರೆ ಈ ಸಲ ಟ್ರಿನಿಡಾಡನ್ನು ಕೈಬಿಡಿ.

ಬಾರ್ಬಡೋಸಿನಲ್ಲಿ ಮಲೇರಿಯಾ ಇಲ್ಲ, ಡೆಂಗಿ ಇದೆ. ಸೊಳ್ಳೆ ನಿವಾರಕ ಜೊತೆಗಿರಲಿ. ನಿತ್ಯ ಸೇವಿಸುವ ಔಷಧಿಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮುಖ್ಯ ಸರ್ಕಾರಿ ಆಸ್ಪತ್ರೆ ಬ್ರಿಜ್‌ಟೌನಿನ ಕ್ವೀನ್ ಎಲಿಜಬೆತ್ ಆಸ್ಪತ್ರೆ. ತುರ್ತು ಸಂಖ್ಯೆಗಳು ಹೀಗಿವೆ: ಪೊಲೀಸರಿಗೆ 211, ಅಗ್ನಿಶಾಮಕ ದಳಕ್ಕೆ 311, ಆಂಬುಲೆನ್ಸಿಗೆ 511. ಇವನ್ನು ಫೋನಿನಲ್ಲಷ್ಟೇ ಅಲ್ಲ, ಒಂದು ಕಾಗದದಲ್ಲೂ ಬರೆದು ಪಾಸ್‌ಪೋರ್ಟಿನ ಜೊತೆಗಿಡಿ.